ನಲ್ಲಿಗೆ ದೂರದ ಕಲ್ಲು

ಹಿತ್ತಲಲ್ಲಿ ತೋಟ ಮಾಡಿಸುವ ಹುಚ್ಚು ಹಿಡಿದದ್ದು ನನಗೇ. ಅದರಲ್ಲಿ ನನ್ನ ಗಂಡನ ಪಾಲು ಏನೂ ಇಲ್ಲ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಈಗ ಹೊಸ ಮನೆ ಕಟ್ಟಿಸಿದವರೆಲ್ಲ ಮುಂದೆ ಒಂದು ಚಾಪೆಯಷ್ಟು ಹುಲ್ಲು ಬೆಳೆಸಿ, ಅದರ ನಡುವೆ ಒಂದು ಸಿಮೆಂಟಿನ ಕೊಕ್ಕರೆ ನಿಲ್ಲಿಸಿ, ಸಂಜೆಯಾದರೆ ಪೈಪು ಹಿಡಿದುಕೊಂಡು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ ನಿಲ್ಲುತ್ತಾರೆ. ನಮ್ಮ ಹಿತ್ತಲು ಅಂಥ ನಾಲ್ಕು ಅಂಗಳ ನುಂಗುವಷ್ಟು ದೊಡ್ಡದು. ಎಮ್ಮೆ ಮಾರಿದ ಮೇಲೆ ಕೊಟ್ಟಿಗೆ ಕುಸಿದು, ಕಸ ಸೊಂಟದೆತ್ತರ ಬೆಳೆದು, ಮಳೆಗಾಲದಲ್ಲಿ ಹಾವು ಬಂದರೆ ಅಲ್ಲಿ ನಮಗಿಂತ ಅದಕ್ಕೇ ಹಕ್ಕು ಹೆಚ್ಚು ಅನ್ನುವಂತಾಗಿತ್ತು. ಇಷ್ಟು ಜಾಗ ಇಟ್ಟುಕೊಂಡು ಮಂದಿಯ ಕೊಕ್ಕರೆ ನೋಡುವ ಗತಿ ನನಗೇಕೆ ಎಂದು ಒಂದು ದಿನ ಹಟ ಹಿಡಿದೆ. ನಾನು ಹಟ ಹಿಡಿದರೆ ನಮ್ಮ ಮನೆಯಲ್ಲಿ ಮಾತು ಅಲ್ಲಿಗೆ ಮುಗಿಯಿತು. ನನ್ನ ಗಂಡ ಹಿಟ್ಟಿನ ಗಿರಣಿ ನಡೆಸುವ ಮನುಷ್ಯ. ದಿನವಿಡೀ ಆ ಸದ್ದಿನಲ್ಲಿ ಇದ್ದು ಇದ್ದು ಮನೆಗೆ ಬಂದರೆ ಬಾಯಿ ಬಿಡುವುದಿಲ್ಲ. "ಮಾಡ್ಸು" ಎಂದರು, ಅಷ್ಟೇ.

ಆ ಹಿತ್ತಲಲ್ಲಿ ಕಸದ ನಡುವೆ ಎರಡೇ ಹಳೆಯ ವಸ್ತು ಉಳಿದಿದ್ದವು. ಪಡುವಣ ಗೋಡೆಯಿಂದ ತುಸು ಈಚೆಗೆ ಒಂದು ನಂದಿಬಟ್ಟಲ ಗಿಡ. ಎದುರಿನ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಗಿಡದ ವಿಷಯ ಬಂದರೆ ನಾನು ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುವವಳು. ಕಲ್ಲನ್ನು ಕಂಡರೆ ಮಾತ್ರ ನನಗೆ ಆಗುತ್ತಿರಲಿಲ್ಲ. ನಲ್ಲಿ ಒಂದು ತುದಿಗೆ, ಕಲ್ಲು ಇನ್ನೊಂದು ತುದಿಗೆ. ನಡುವೆ ಕೊಡ ಹೊತ್ತು ಹೊತ್ತು ನನ್ನ ಸೊಂಟ ಹೋಯಿತು. ಅದನ್ನು ಹಾಕಿಸಿದವರು ನನ್ನ ಮಾವ. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಕಲ್ಲು ಹಾಕಿಸುವ ದಿನ ಮಾತ್ರ ತನ್ನ ಬುದ್ಧಿಯನ್ನು ಸಂತೆಗೆ ಕಳಿಸಿದ್ದ ಎಂದು ನಾನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಮಾವ ತೀರಿಕೊಂಡ ಮೇಲೂ ಈ ಮಾತು ಬಿಡಲಿಲ್ಲ.

ತೋಟ ಮಾಡುವವರಲ್ಲಿ ಮೊದಲು ಬಂದವನು ಶಿಗ್ಗಾಂವಿಯವನು. ಕಪ್ಪು ಕನ್ನಡಕ ಹಾಕಿಕೊಂಡು, ಬೂಟು ಕೊಳೆಯಾಗದಂತೆ ಹಿತ್ತಲ ಬಾಗಿಲಲ್ಲೇ ನಿಂತು, ಫೋನಿನಲ್ಲಿ ನನಗೆ ತೋಟ ತೋರಿಸಿದ. ಯಾವ ದೇಶದ್ದೋ ಏನೋ, ನೀಲಿ ಕೊಳ, ಅದರ ದಂಡೆಗೆ ಬಿಳಿ ಕುರ್ಚಿ. ನಮ್ಮ ಕೊಟ್ಟಿಗೆ ಬಿದ್ದ ಜಾಗದಲ್ಲಿ ಆ ಕೊಳ ಬರುತ್ತದೆ ಎಂದ. ಹೂಂ ಅನ್ನುತ್ತ ಕೇಳಿದೆ. ಆಮೇಲೆ ಅವನ ಬೆರಳು ನಂದಿಬಟ್ಟಲ ಕಡೆ ಹೋಯಿತು.

"ಅದೊಂದ ತಗೀಬೇಕಾಗ್ತೈತ್ರಿ ಮ್ಯಾಡಮ್. ಸೆಂಟರಿಗೆ ಬರ್ತೈತಿ. ಜೆಸಿಬಿ ಹೊಳ್ಳಾಕ ಜಾಗ ಆಗಂಗಿಲ್ಲ."

"ಆ ಗಿಡ ಮುಟ್ಟಂಗಿಲ್ಲ."

"ಅಂಥಾವು ನಮ್ಮ ನರ್ಸರ್ಯಾಗ ರಗಡ ಅದಾವ್ರಿ. ಒಂದಕ್ಕ ಹತ್ತು ಹಚ್ಚಿಕೊಡ್ತೇನಿ."

"ನಿಮ್ಮ ಹತ್ತೂ ಬ್ಯಾಡ, ನಿಮ್ಮ ಜೆಸಿಬೀನೂ ಬ್ಯಾಡ."

ಹೆಂಗಸಿನ ಮಾತು ಅಡ್ಡ ಬಂದರೆ ಇಂಥವರು ಗಂಡಸಿನ ಮುಖ ನೋಡುತ್ತಾರೆ. ಇವನೂ ನೋಡಿದ. ನನ್ನ ಗಂಡ ಅಂಗಿಯ ತೋಳಿನ ಹಿಟ್ಟು ಕೊಡವಿಕೊಳ್ಳುತ್ತ, "ಅಕಿ ಹೇಳ್ದಂಗ ಮಾಡ್ರಿ, ಗಿಡ ಇರ್ಲಿ" ಎಂದರು. ಇನ್ನೊಂದು ತೋಳನ್ನೂ ಕೊಡವಿ, "ಆ ಕಲ್ಲೂ ಇರ್ಲಿ" ಎಂದರು. ಕಲ್ಲಿನ ಮಾತು ಯಾರೂ ಎತ್ತಿರಲಿಲ್ಲ. ನನಗೆ ನಗು ಬಂತು. ಶಿಗ್ಗಾಂವಿಯವನು ಚಹಾ ಅರ್ಧಕ್ಕೇ ಬಿಟ್ಟು ಹೋದ, ಮತ್ತೆ ಫೋನು ಎತ್ತಲಿಲ್ಲ.

ಆ ಗಿಡದ ಬುಡದಲ್ಲಿ ನನ್ನ ಕೂಸು ಇದೆ ಎಂದು ನಾನು ನಂಬಿದ್ದೆ. ಇದನ್ನು ಶಿಗ್ಗಾಂವಿಯವನಿಗೆ ಹೇಗೆ ಹೇಳಲಿ? ನನ್ನ ಮಗಳಿಗೇ ನಾನು ಹೇಳಿರಲಿಲ್ಲ.

ಮಗಳು ಆಗಿನ್ನೂ ತೊದಲು ಮಾತಾಡುತ್ತಿದ್ದಳು. ಎರಡನೆಯದೂ ಹೆಣ್ಣಾಯಿತು. ಹುಟ್ಟುವಾಗಲೇ ಬಡವಾಗಿತ್ತು, ಮೊಲೆ ಚೀಪುವ ಕಸುವಿರಲಿಲ್ಲ. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಯ ಮೇಲೆ ಹಿಂಡುತ್ತಿದ್ದೆ. ನುಂಗಿದರೆ ಗಂಟಲು ಆಡುವುದನ್ನು ನೋಡುತ್ತ ಕೂತಿರುತ್ತಿದ್ದೆ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕುಲಾವಿ ಹೊಲಿಸಿಟ್ಟಿದ್ದರು, ಆ ದಿನ ಬರುವ ಮೊದಲೇ ಕೂಸು ಹೋಯಿತು. ಹೆಸರು ಕೂಡ ಇಟ್ಟಿರಲಿಲ್ಲ.

ಹೆಸರಿಡದ ಕೂಸನ್ನು ನಮ್ಮ ಮನೆತನದಲ್ಲಿ ಸ್ಮಶಾನಕ್ಕೆ ಒಯ್ಯುವುದಿಲ್ಲ. ಹಿತ್ತಲಲ್ಲೇ ಮಣ್ಣು ಮಾಡುತ್ತಾರೆ. ದೂರ ಒಯ್ದರೆ ಅದಕ್ಕೆ ಮನೆಯ ದಾರಿ ಸಿಗುವುದಿಲ್ಲ, ಹತ್ತಿರವಿದ್ದರೆ ಮತ್ತೆ ಅದೇ ಹೊಟ್ಟೆಗೆ ಬರುತ್ತದೆ ಎಂದು ಹಿರಿಯರು ತಿಳಿದಿದ್ದರು. ಆದರೆ ಹೆತ್ತವಳಿಗೆ ಆ ಜಾಗ ತೋರಿಸಬಾರದು. ಅವಳು ಅಲ್ಲಿ ಕೂತು ಅತ್ತರೆ ಕೂಸು ಬರಲಾರದೆ ಅಲ್ಲೇ ಉಳಿದುಬಿಡುತ್ತದೆಯಂತೆ. ಹಾಗಾಗಿ ಅತ್ತೆ ನನ್ನನ್ನು ನಡುಮನೆಯಲ್ಲಿ ಕೂರಿಸಿ ಕದ ಹಾಕಿದರು. ಗುದ್ದಲಿಯ ಸಪ್ಪಳ ನನ್ನ ಕಿವಿಗೆ ಬೀಳಬಾರದೆಂದು ಒರಳ ಮುಂದೆ ಕೂತು ಏನೋ ಕುಟ್ಟತೊಡಗಿದರು. ಏನು ಕುಟ್ಟಿದರೋ ಗೊತ್ತಿಲ್ಲ, ಆ ದಿನ ಮನೆಯಲ್ಲಿ ಒಲೆಯನ್ನೇ ಹೊತ್ತಿಸಿರಲಿಲ್ಲ. ಮಾವ ಮತ್ತು ನನ್ನ ಗಂಡ ಒಳಗೆ ಬಂದಾಗ ಇಬ್ಬರ ಕಾಲೂ ತೊಳೆದು ಒದ್ದೆಯಾಗಿದ್ದವು.

ಅಣ್ಣ ಬಂದು ನನ್ನನ್ನು ಚಿಕ್ಕೇರೂರಿಗೆ ಕರೆದೊಯ್ದ. ತವರಿನಲ್ಲಿ ಅವ್ವ ಹಾಲು ಬತ್ತಲೆಂದು ಎದೆಗೆ ಮಲ್ಲಿಗೆಯ ಮೊಗ್ಗು ಕಟ್ಟಿದಳು. ಕೂಸಿಲ್ಲದಿದ್ದರೂ ಹಾಲು ಮಾತ್ರ ಹೊತ್ತು ಹೊತ್ತಿಗೆ ಬರುತ್ತಲೇ ಇತ್ತು, ಅದಕ್ಕೆ ಯಾರೂ ಸುದ್ದಿ ಹೇಳಿರಲಿಲ್ಲ. ಇವತ್ತಿಗೂ ನಾನು ಮಲ್ಲಿಗೆ ಮುಡಿಯಲಾರೆ. ಮದುವೆ ಮನೆಯಲ್ಲಿ ಯಾರಾದರೂ ಕೊಟ್ಟರೆ ತೆಗೆದುಕೊಂಡು ಪಕ್ಕದವರಿಗೆ ದಾಟಿಸುತ್ತೇನೆ.

ನಾನು ಹಾನಗಲ್ಲಿಗೆ ತಿರುಗಿ ಬಂದಾಗ ಹಿತ್ತಲಲ್ಲಿ ಎರಡು ಹೊಸ ವಸ್ತು ಇದ್ದವು. ಒಂದು ನಂದಿಬಟ್ಟಲ ಸಸಿ, ಇನ್ನೊಂದು ಈ ಕಲ್ಲು. ಅಲ್ಲಿಯವರೆಗೆ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋಗುತ್ತಿದ್ದೆ. ಮಾವ ನನ್ನ ಮುಖ ನೋಡದೆ, "ಇನ್ನ ಅರಿವಿ ಹೊತ್ಕೊಂಡು ಕೆರಿಗೆ ಹೋಗೂದ ಬ್ಯಾಡವಾ. ಇಲ್ಲೇ ಒಗಿ" ಎಂದರು. ಓಣಿಯ ಹೆಂಗಸರು ನಿನ್ನ ಮಾವ ಎಷ್ಟು ಒಳ್ಳೆಯವ ಎಂದರು. ನನ್ನ ಕಣ್ಣಿಗೆ ಕಲ್ಲು ಬೀಳಲೇ ಇಲ್ಲ, ಸಸಿಯೊಂದೇ ಕಂಡಿತು. ಅದು ಇಲ್ಲಿಯೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾರನ್ನೂ ಕೇಳಲಿಲ್ಲ, ಕೇಳಿದರೆ ಹೇಳುವವರೂ ಅಲ್ಲ. ನನಗೆ ಒಂದು ಜಾಗ ಬೇಕಿತ್ತು, ಸಿಕ್ಕಿತು.

ಅಂದಿನಿಂದ ಆ ಗಿಡಕ್ಕೆ ನಾನೇ ನೀರು. ಒಗೆದ ಸಬ್ಬಿನ ನೀರನ್ನು ಅದರ ಹತ್ತಿರ ಹರಿಯಗೊಡುತ್ತಿರಲಿಲ್ಲ, ಹೊಸ ನೀರನ್ನೇ ಹಾಕುತ್ತಿದ್ದೆ. ಹೂ ಬಿಟ್ಟ ಮೇಲೆ ಒಂದನ್ನೂ ಕೀಳಲಿಲ್ಲ. ಅತ್ತೆಯೂ ಕೀಳಲಿಲ್ಲ. ಮನೆಯಲ್ಲಿ ಅಷ್ಟು ಬಿಳಿ ಹೂ ಇದ್ದರೂ ದೇವರಿಗೆ ಪೇಟೆಯಿಂದ ಹೂ ತರಿಸುತ್ತಿದ್ದರು. ಬಾಯಿ ಬಿಟ್ಟು ಹೇಳದಿದ್ದರೂ ಅವರು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ನನ್ನ ನಂಬಿಕೆಗೆ ಅಷ್ಟು ಸಾಕಾಯಿತು. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಅತ್ತೆ ಮಾವ ಇಬ್ಬರೂ ಕಾಲವಾದರು. ಗಿಡ ಮಾತ್ರ ನನ್ನ ಭುಜ ದಾಟಿ ಬೆಳೆಯಿತು.

ಎರಡನೆಯವನು ಹಿರೇಕೆರೂರಿನವನು. ನಾನು ಚಿಕ್ಕೇರೂರಿನ ಮಗಳು ಎಂದು ತಿಳಿದ ಕೂಡಲೇ ನನಗೆ ಅಕ್ಕಾರ ಎಂದು ಹೆಸರಿಟ್ಟು, ಹೇಳಿದ್ದಕ್ಕೆಲ್ಲ ಆಗಲಿ ಎಂದ. ಗಿಡ ಇರಲಿ? ಇರ್ಲಿ ಅಕ್ಕಾರ. ಕೊಳ ಬೇಡ? ಬ್ಯಾಡ ಅಕ್ಕಾರ. ಇಂಥ ಮನುಷ್ಯನನ್ನು ನಂಬಬಾರದು ಎಂದು ಆಮೇಲೆ ತಿಳಿಯಿತು. ಕಡು ಬೇಸಿಗೆಯಲ್ಲಿ ಹುಲ್ಲನ್ನು ಚಾಪೆಯ ಹಾಗೆ ಸುತ್ತಿ ಲಾರಿಯಲ್ಲಿ ತಂದು ಹಾಸಿದ. ಮೂರು ಹೊತ್ತೂ ನೀರು ಬಿಡಿ, ಗೊಬ್ಬರ ಹಾಕಲು ನಾನೇ ಬರುತ್ತೇನೆ ಎಂದು ಹೋದವನು ಬರಲಿಲ್ಲ. ಫೋನು ಮಾಡಿದಾಗಲೆಲ್ಲ, "ಬಂದೆ ಅಕ್ಕಾರ, ರಟ್ಟೀಹಳ್ಳಿ ದಾಟೇನಿ" ಎನ್ನುತ್ತಿದ್ದ. ಹಿರೇಕೆರೂರಿನಿಂದ ಹಾನಗಲ್ಲಿಗೆ ಬರುವವನಿಗೆ ರಟ್ಟೀಹಳ್ಳಿ ದಾರಿಯಲ್ಲಿ ಸಿಗುವುದೇ ಇಲ್ಲ, ಅದು ಬೆನ್ನ ಹಿಂದಿನ ಊರು. ಆ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೇ ಈ ಟೋಪಿ ಹಾಕುತ್ತಾನಲ್ಲ ಎಂದು ಬೈದೆ. ಅವನು ಅದಕ್ಕೂ ಆಗಲಿ ಅಕ್ಕಾರ ಎಂದ. ಹುಲ್ಲು ಒಣಗಿ ಎತ್ತಿದರೆ ಹಳೆಯ ಗೋಣಿಚೀಲದ ಹಾಗೆ ಎದ್ದು ಬಂತು. ಅವನು ನೆಟ್ಟ ಬಣ್ಣಬಣ್ಣದ ಗಿಡಗಳನ್ನು ಪಕ್ಕದ ಮನೆಯ ಆಡು ರುಚಿ ನೋಡಿ ಮುಗಿಸಿತು.

ಮೂರನೆಯವರು ಸವಣೂರಿನವರು. ಗಿರಣಿಗೆ ಜೋಳ ತಂದ ಯಾರೋ ಅವರ ಹೆಸರು ಹೇಳಿದ್ದರು. ವಯಸ್ಸಾದ ಸಾಹೇಬರು. ಮೊದಲು ವೀಳ್ಯದ ಎಲೆಬಳ್ಳಿಯ ತೋಟವಿತ್ತು, ಅದು ಹೋದ ಮೇಲೆ ಮನೆಗಳ ಮುಂದೆ ಹುಲ್ಲು ಹಾಸುವ ಕೆಲಸ ಹಿಡಿದಿದ್ದರು. ಅಳಿಯನನ್ನು ಜೊತೆಗೆ ಕರೆದುಕೊಂಡು ಬಂದರು. ಮಾತು ಬಹಳ, ಕೆಲಸ ನಿಧಾನ. ಒಂದು ಗೆರೆ ಹಾಕುವುದಕ್ಕೆ ಎರಡು ಸಲ ಚಹಾ ಆಗಬೇಕು. ಸವಣೂರಿನ ಎಲೆ ಯಾವ ಯಾವ ಊರಿಗೆ ಹೋಗುತ್ತಿತ್ತು ಎಂದು ಶುರುಮಾಡಿದರೆ ಬಿಸಿಲು ಇಳಿದರೂ ಆ ಎಲೆ ಊರು ಮುಟ್ಟುತ್ತಿರಲಿಲ್ಲ. ನಾನು ಬೈದರೆ, "ಮಣ್ಣಿಗೆ ಅವಸರ ತಿಳಿಯಂಗಿಲ್ರಿ ಅಕ್ಕಾರ" ಎಂದು ತಪ್ಪನ್ನು ಮಣ್ಣಿನ ಮೇಲೆ ಹಾಕಿ ಬಶಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

ಆದರೆ ಅವರು ಜೆಸಿಬಿ ತರಲಿಲ್ಲ. ಗುದ್ದಲಿ, ಸಲಿಕೆಯಲ್ಲೇ ಕಸ ತೆಗೆಸಿದರು. ಆಮೇಲೆ ಸುಣ್ಣದ ಪುಡಿ ಹಿಡಿದು, ಇಲ್ಲಿ ಹುಲ್ಲು, ಇಲ್ಲಿ ಕಾಲುದಾರಿ, ಇಲ್ಲಿ ಹೂವು ಎಂದು ನೆಲದ ಮೇಲೆ ಗೆರೆ ಎಳೆಯುತ್ತ ಬಂದರು. ನಂದಿಬಟ್ಟಲ ಹತ್ತಿರ ನಿಂತು ನನ್ನ ಕಡೆ ನೋಡಿದರು.

"ಇದು ಹಳೇ ಗಿಡ. ಇರ್ಲೇನ್ರಿ?"

"ಇರ್ಲಿ ಸಾಹೇಬ್ರ."

ಯಾಕೆ ಎಂದು ಕೇಳಲಿಲ್ಲ. ಗಿಡದ ಸುತ್ತ ಸುಣ್ಣದಲ್ಲಿ ಒಂದು ದುಂಡು ಗೆರೆ ಎಳೆದು, ಗೆರೆಯ ಒಳಗೆ ಗುದ್ದಲಿ ಹಾಕಬೇಡ ಎಂದು ಅಳಿಯನಿಗೆ ಹೇಳಿದರು. ಅಂದಿನಿಂದ ಅವರ ಚಹಾಕ್ಕೆ ನಾನು ಗೊಣಗಲಿಲ್ಲ.

ಗೆರೆ ಎಳೆಯುತ್ತ ಕಲ್ಲಿನ ಮೂಲೆಗೆ ಹೋದರು. "ನಲ್ಲಿಗೆ ದೂರ ಆತಲ್ರಿ ಇದು. ಯಾರ ಹಾಕ್ಸಿದ್ರು?"

"ನಮ್ಮ ಮಾವ. ಅವರ ಶಾಣೇತನ" ಎಂದೆ. ಇಬ್ಬರೂ ನಕ್ಕೆವು.

ಅದೇ ತಿಂಗಳು ನಮ್ಮ ಮಗಳು ಅಳಿಯ ಬಟ್ಟೆ ಒಗೆಯುವ ಮಷೀನು ಕಳಿಸಿದರು. ಕಲ್ಲಿಗೆ ಇನ್ನು ಕೆಲಸವೇ ಇಲ್ಲ. ಪಕ್ಕದ ಮನೆಯ ಬೇವಿನ ಮರದ ನೆರಳು ಸಂಜೆ ಸರಿಯಾಗಿ ಆ ಮೂಲೆಗೇ ಬೀಳುತ್ತದೆ. ಅಲ್ಲೊಂದು ಕೂರುವ ಬೆಂಚು ಹಾಕಿಸಬೇಕು, ಅಲ್ಲಿ ಕೂತರೆ ಎದುರಿಗೆ ನಂದಿಬಟ್ಟಲು ಕಾಣುತ್ತದೆ ಎಂದು ನನ್ನ ಲೆಕ್ಕ. ಇಷ್ಟು ವರ್ಷ ನಿಂತುಕೊಂಡೇ ನೋಡಿದ್ದೆ. ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದೆ.

"ಕಲ್ಲು ಇರ್ಲಿ ಬಿಡು" ಎಂದರು.

"ಯಾಕ್ರಿ? ನೀವು ಒಗೀತೀರೇನು?"

ಅವರ ತಾಟಿನಲ್ಲಿ ರೊಟ್ಟಿ ಅರ್ಧ ಉಳಿದಿತ್ತು, ಎದ್ದು ಕೈ ತೊಳೆದರು. ಗಿರಣಿಯ ಹರಿದ ಬೆಲ್ಟನ್ನೂ ಮನೆಗೆ ತಂದು ಮೊಳೆಗೆ ನೇತುಹಾಕುವ ಮನುಷ್ಯ, ಕಲ್ಲನ್ನು ಬಿಡುತ್ತಾರೆಯೇ ಎಂದು ನಾನು ನನ್ನಷ್ಟಕ್ಕೆ ಅಂದುಕೊಂಡೆ.

ಮರುದಿನ ಅವರು ಗಿರಣಿಗೆ ಹೋದ ಮೇಲೆ ಸಾಹೇಬರಿಗೆ ಕಲ್ಲು ತೆಗೆಯಲು ಹೇಳಿದೆ.

"ಯಜಮಾನ್ರನ್ನ ಒಂದ ಮಾತು ಕೇಳೂದು ಬ್ಯಾಡೇನ್ರಿ?"

"ಯಜಮಾನ್ರು ಒಗೆಯಂಗಿಲ್ಲ ಸಾಹೇಬ್ರ. ನೀವು ತಗೀರಿ."

ಸಾಹೇಬರು ನಗುತ್ತ ಅಳಿಯನಿಗೆ ಹಾರೆ ಕೊಟ್ಟರು. ಕಲ್ಲು ನಾನು ತಿಳಿದದ್ದಕ್ಕಿಂತ ಆಳವಾಗಿ ಕೂತಿತ್ತು. ಅಂಚಿನ ಪಾಚಿ ಕೆರೆದು, ಹಾರೆ ತೂರಿಸಿ, ಮೈಭಾರ ಹಾಕಿ ಒಂದು ಮಗ್ಗುಲು ಎತ್ತಿದರು. ಎತ್ತಿದ ಸಂದಿಗೆ ಇಟ್ಟಿಗೆ ಕೊಟ್ಟರು. ಅಡಿಯಲ್ಲಿ ಬಿಸಿಲು ಕಾಣದ ಮಣ್ಣು, ತಂಪಾಗಿ, ನುಣ್ಣಗೆ ಇತ್ತು. ಬೆಂಚಿಗೆ ಬುನಾದಿ ಹಾಕಲು ಇನ್ನೂ ಅಗೆಯಬೇಕು ಎಂದು ಅಳಿಯ ಸಲಿಕೆ ತಂದ.

ಪೇಟೆಯಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತ್ತು. ನನ್ನ ಗಂಡ ಆ ಹೊತ್ತಿಗೇ ಮನೆಗೆ ಬಂದು, ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಬಂದರು. ಅವರು ಓಡುವುದನ್ನು ನಾನು ಅದೇ ಮೊದಲು ಕಂಡದ್ದು. ಹುಬ್ಬಿನ ಮೇಲೆ ಹಿಟ್ಟು ಇದ್ದ ಹಾಗೆಯೇ ಓಡಿ ಬಂದು, ಮಂಡಿಯೂರಿ, ಎತ್ತಿದ ಕಲ್ಲಿನ ಕೆಳಗೆ ಎರಡೂ ಕೈ ಹಾಕಿ ಆ ಮಣ್ಣಿನ ಮೇಲೆ ಅಂಗೈ ಊರಿದರು. ಇಟ್ಟಿಗೆ ಜಾರಿದ್ದರೆ ಕೈ ಹೋಗುತ್ತಿತ್ತು.

"ಸಲಿಕಿ ಹಾಕಬ್ಯಾಡ್ರಿ" ಎಂದರು. ಆಮೇಲೆ ನನ್ನ ಕಡೆ ನೋಡದೆ, "ಕೂಸು ಇಲ್ಲೈತಿ" ಎಂದರು.

"ಯಾ ಕೂಸು?" ಎಂದು ಕೇಳಿದೆ. ಹೆತ್ತವಳು ನಾನು, ನಾನೇ ಹಾಗೆ ಕೇಳಿದೆ. ಯಾಕೆಂದರೆ ನನ್ನ ಕೂಸು ಅಲ್ಲಿ ಗಿಡದ ಬುಡದಲ್ಲಿತ್ತು, ಸುಣ್ಣದ ಗೆರೆಯೊಳಗೆ ಸುರಕ್ಷಿತವಾಗಿತ್ತು. ಹಿಂದಿರುಗಿ ಗಿಡ ನೋಡಿದೆ. ಮತ್ತೆ ಗಂಡನ ಕೈ ನೋಡಿದೆ. ಆಗ ತಿಳಿಯಿತು.

ಸಾಹೇಬರು ಅಳಿಯನ ಕೈಯಿಂದ ಸಲಿಕೆ ತೆಗೆದುಕೊಂಡು ಸದ್ದಾಗದಂತೆ ನೆಲದ ಮೇಲೆ ಇಟ್ಟರು. "ಕೈ ತಗೀರಿ ಯಜಮಾನ್ರ, ನಾವು ಹಗೂರ್ಕ ಇಳಸ್ತೇವಿ" ಎಂದರು. ಕಲ್ಲನ್ನು ಇದ್ದ ಜಾಗಕ್ಕೇ ಇಳಿಸಿ, ಅಳಿಯನನ್ನು ಕರೆದುಕೊಂಡು ಮನೆಯ ಮುಂದಕ್ಕೆ ಹೋದರು. ಅವತ್ತು ಚಹಾ ಕೇಳಲಿಲ್ಲ.

ನಾವಿಬ್ಬರೂ ನೆಲದ ಮೇಲೆ ಕೂತೆವು. ಕೇಳಿದರೆ ಮಾತ್ರ ಹೇಳುವ ಮನುಷ್ಯ, ಅವತ್ತು ಕೇಳದೆಯೂ ಹೇಳಿದರು.

"ನಾಯಿ ಕೆದರ್ತಾವಂತ ಅಪ್ಪ ಕಲ್ಲ ಹಾಕಬೇಕಂದ. ಬರೇ ಕಲ್ಲ ಇಟ್ರ ನಿನಗ ಗೊತ್ತಾಗ್ತಿತ್ತು. ಅದಕ್ಕ ಅರಿವಿ ಒಗೆಯೂ ಕಲ್ಲ ಹಾಕ್ಸಿದ."

"ಮತ್ತ ಆ ಗಿಡ?"

"ಅವ್ವ ಪೂಜಾಕ್ಕಂತ ಹಚ್ಚಿದ್ದು. ನೀ ಚಿಕ್ಕೇರೂರಿಂದ ಬಂದಾಕಿ ಅದರ ಮುಂದ ನಿಂತು ಅತ್ತಿ. ಅಕಿಗೆ ಅಲ್ಲೇ ಸಮಾಧಾನ ಐತಿ, ಯಾರ ಏನೂ ಹೇಳಬ್ಯಾಡ್ರಿ ಅಂದ್ಲು ಅವ್ವ. ಅವತ್ತಿಂದ ಹೂ ಹರಿಯೂದ ಬಿಟ್ಲು."

ಅತ್ತೆ ಸಾಯುವ ತನಕ ಪೇಟೆಯಿಂದ ಹೂ ತರಿಸಿದ್ದು ನೆನಪಾಯಿತು. ತಾನು ಹಚ್ಚಿದ ಗಿಡವನ್ನು ನನಗೆ ಬಿಟ್ಟುಕೊಟ್ಟು, ಅದರ ಒಂದು ಹೂವನ್ನೂ ತನ್ನ ದೇವರಿಗೆ ಇಡದೆ ಹೋದರು. ಅದನ್ನು ನಾನು ಸಾಕ್ಷಿ ಎಂದು ಇಟ್ಟುಕೊಂಡಿದ್ದೆ.

"ನೀವಾದ್ರೂ ಹೇಳಬೇಕಿತ್ತಲ್ರಿ."

"ಮೊದ್ಲ ಹೇಳಬಾರದು ಅಂದ್ರು. ಆಮ್ಯಾಲ ಹೆಂಗ ಹೇಳ್ಲಿ? ದಿನಾ ನೀ ಅದರ ಮ್ಯಾಲ ಒಗ್ಯಾಕತ್ತಿದ್ದಿ."

ಹೌದು, ದಿನಾ ಒಗೆದಿದ್ದೆ. ಮಗಳ ಲಂಗ, ಗಿರಣಿಯ ಹಿಟ್ಟು ಮೆತ್ತಿದ ಅಂಗಿಗಳು, ಮಾವನ ಧೋತರ, ಅತ್ತೆ ಹಾಸಿಗೆ ಹಿಡಿದಾಗಿನ ಹಾಸುಬಟ್ಟೆ, ಹಬ್ಬ ಬಂದರೆ ಮನೆಯ ಕೌದಿ, ಕಂಬಳಿ ಎಲ್ಲವನ್ನೂ ಆ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿದಿದ್ದೆ. ಮನೆಯಲ್ಲಿ ಯಾರ ಮೇಲೆ ಸಿಟ್ಟು ಬಂದರೂ ತೀರಿಸಿಕೊಳ್ಳುವ ಜಾಗ ಅದೇ ಆಗಿತ್ತು. ಮಗಳು ಚಿಕ್ಕವಳಿದ್ದಾಗ ಅವ್ವ ಸಿಟ್ಟಿನಲ್ಲಿದ್ದಾಳೆಯೇ ಇಲ್ಲವೇ ಎಂಬುದನ್ನು ಒಗೆಯುವ ಸಪ್ಪಳದ ಮೇಲೆ ಹೇಳುತ್ತಿದ್ದಳು. ಕೂಸು ಹೋದ ದುಃಖವನ್ನೂ ನಾನು ಕೂಸಿನ ಮೇಲೆಯೇ ಬಡಿದಿದ್ದೆ. ಗಿಡಕ್ಕೆ ಮುಟ್ಟಬಾರದೆಂದು ಕಾಯ್ದುಕೊಂಡ ಸಬ್ಬಿನ ನೀರು, ಸೋಡಾದ ನೀರು ಎಲ್ಲ ಇಲ್ಲಿಯೇ ಇಂಗಿ ಹೋಗಿತ್ತು.

"ನನ್ನ ಕೈಲೇ ಬಡಿಸಿದ್ರಲ್ರಿ" ಎಂದೆ.

ಅವರು ಕಲ್ಲಿನ ಅಂಚಿನ ಮಣ್ಣನ್ನು ಅಂಗೈಯಿಂದ ಒತ್ತುತ್ತ ಕೂತರು. "ಮುಂಜಾನಿ ನೀ ಒಗೆಯೂ ಸಪ್ಪಳ ಕೇಳಿ ನಾ ಗಿರಣಿಗೆ ಹೋಗ್ತಿದ್ದೆ. ಕೂಸಿನ ಹಂತ್ಯಾಕ ಅದರ ಅವ್ವ ಅದಾಳ ಅನಸ್ತಿತ್ತು. ಕಲ್ಲ ತಗದ್ರ ನೀ ಅಲ್ಲಿ ನಿಂದರೂದ ತಪ್ತಿತ್ತು" ಎಂದರು.

ಅದು ಅವರ ಸಮಾಧಾನ. ಇಷ್ಟು ವರ್ಷ ಒಬ್ಬರೇ ಇಟ್ಟುಕೊಂಡಿದ್ದನ್ನು ನನಗೆ ಕೊಡಲು ಬಂದರು. ನನಗೆ ತೆಗೆದುಕೊಳ್ಳಲು ಆಗಲಿಲ್ಲ. ಯಾರೂ ಕೆಟ್ಟವರಲ್ಲ ಎನ್ನುವುದೇ ನನ್ನನ್ನು ಹೆಚ್ಚು ಸುಟ್ಟಿತು. ಮಾವ ನಾಯಿಗೆ ಹೆದರಿ ಕಲ್ಲು ಹಾಕಿಸಿದರು, ಅತ್ತೆ ನನ್ನ ಅಳುವಿಗೆ ಮರುಗಿ ಸುಮ್ಮನಾದರು, ಗಂಡ ನನ್ನ ಸಪ್ಪಳ ಕೇಳಿ ನೆಮ್ಮದಿ ಪಟ್ಟರು. ಎಲ್ಲರಿಗೂ ನನ್ನ ಮೇಲೆ ಕರುಣೆ ಇತ್ತು. ನನ್ನ ಕೂಸು ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಎದ್ದು ಹೋಗಿ ಅತ್ತೆಯ ಜೊತೆ, ಮಾವನ ಜೊತೆ ಗಂಟಲು ಹರಿಯುವ ಹಾಗೆ ಜಗಳಾಡಬೇಕು ಅನಿಸಿತು. ಜಗಳಾಡಲು ಅವರಿರಲಿಲ್ಲ. ಇದ್ದ ಒಬ್ಬರು ಮಣ್ಣಿನ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದರು.

ಮರುದಿನ ಸಾಹೇಬರು ಬಂದರು, ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಎಲೆಬಳ್ಳಿಯ ಮಾತೆತ್ತದೆ ಕೆಲಸ ಮಾಡಿದರು. ಸಂಜೆ ಹೋಗುವ ಮುಂದೆ ಮೂಲೆಯಲ್ಲಿ ನಿಂತು, "ಇಲ್ಲಿ ಏನ್ ಮಾಡೂಣ್ರಿ ಅಕ್ಕಾರ?" ಎಂದು ಕೇಳಿದರು. ಆಮೇಲೆ ತಾವೇ ಸುಣ್ಣದ ಪುಡಿ ತಂದು ಕಲ್ಲಿನ ಸುತ್ತಲೂ ಒಂದು ದುಂಡು ಗೆರೆ ಎಳೆದು ಹೋದರು.

ಮಳೆ ಬಿದ್ದ ಮೇಲೆ ಹುಲ್ಲು ಚೆನ್ನಾಗಿ ಹಬ್ಬಿತು. ಸಾಹೇಬರ ಕೆಲಸದಲ್ಲಿ ನಾನು ತಪ್ಪು ಹುಡುಕಲಾರೆ. ನೋಡಲು ಬಂದವರು ತೋಟ ಚೆಂದ ಆಗಿದೆ ಎನ್ನುತ್ತಾರೆ, ಆ ಕಲ್ಲೊಂದು ಅಡ್ಡ ಆಯಿತು, ಅದನ್ನು ತೆಗೆಸಿಬಿಡಿ ಎನ್ನುತ್ತಾರೆ. ಮೊದಲಾಗಿದ್ದರೆ ಮಾವನ ಮಾತು ತೆಗೆದು ನಗಿಸುತ್ತಿದ್ದೆ. ಈಗ ಚಹಾ ತರುತ್ತೇನೆ ಎಂದು ಒಳಗೆ ಹೋಗುತ್ತೇನೆ. ಮಷೀನು ಒಳಗಡೆ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಬಹಳ ದಿನ ನಾನು ಕಲ್ಲಿನ ಹತ್ತಿರ ಹೋಗಲಿಲ್ಲ, ಗಿಡದ ಹತ್ತಿರವೂ ಹೋಗಲಿಲ್ಲ. ಗಿಡದ ಎದುರು ನಿಂತರೆ ಅದು ಬರೀ ಗಿಡವಾಗಿತ್ತು. ಕಲ್ಲಿನ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ.

ಒಂದು ಮುಂಜಾನೆ ಎದ್ದವಳು ಬುಟ್ಟಿ ತೆಗೆದುಕೊಂಡು ಹೋಗಿ ಆ ಗಿಡದ ಹೂ ಕಿತ್ತೆ. ಕೀಳುವುದು ಅದೇ ಮೊದಲು. ಹಾಲು ಬೆರಳಿಗೆಲ್ಲ ಅಂಟಿತು. ಬುಟ್ಟಿ ತಂದು ಕಲ್ಲಿನ ಹತ್ತಿರ ಕೂತೆ. ಹೂ ಎಲ್ಲಿ ಇಡಬೇಕು ಎಂದು ತಿಳಿಯಲಿಲ್ಲ. ಗಂಡ ಗಿರಣಿಗೆ ಹೊರಟು ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ತಲಿ ಯಾ ಕಡಿಗೆ ಐತ್ರಿ?" ಎಂದು ಕೇಳಿದೆ.

ಅವರು ಹತ್ತಿರ ಬಂದು ಕಲ್ಲನ್ನೇ ನೋಡುತ್ತ ನಿಂತರು.

"ಅಪ್ಪ ಮಲಗಿಸಿದ. ನಾ ಮುಖ ಹೊಳ್ಳಿಸ್ಕೊಂಡು ನಿಂತಿದ್ದೆ."

ಇನ್ನು ಕೇಳಲು ಯಾರೂ ಉಳಿದಿರಲಿಲ್ಲ. ನಾನು ಈ ಅಂಚಿನಿಂದ ಆ ಅಂಚಿನವರೆಗೆ, ಎಲ್ಲಿಯೂ ಖಾಲಿ ಬಿಡದೆ, ಕಲ್ಲಿನ ತುಂಬ ಹೂ ಹರಡುತ್ತ ಬಂದೆ. ಬುಟ್ಟಿಯಲ್ಲಿದ್ದವು ಸಾಲಲಿಲ್ಲ. ನನ್ನ ಗಂಡ ಖಾಲಿ ಬುಟ್ಟಿ ತೆಗೆದುಕೊಂಡು ಗಿಡದ ಕಡೆ ಹೋದರು.